ರಿಬ್ಬನ್ ಕಾಣೋ ತನಕ

ಸೋಮವಾರ ತೊಳೆದ ಬಸ್ಸು ಬುಧವಾರಕ್ಕೆ ಕೆಂಪು.
ಕುಡುತಿನಿ ದಾಟಿದರೆ ಹಳದಿ ಅನ್ನೋದು
ನಮ್ಮ ಮಾತಿನಲ್ಲಷ್ಟೇ ಐತೆ.
ಹಿಂದಿನ ಗಾಜಿನ ಕೆಳಗೆ ಬರೆಸಿದ ‘ಶಾಲಾ ವಾಹನ’ದಲ್ಲಿ
‘ಲಾ ವಾಹನ’ ಮಾತ್ರ ಓದಲಿಕ್ಕೆ ಬರ್ತೈತೆ.
ಪ್ರತಿ ಸ್ಟಾಪಿಗೂ ಹೊನ್ನೂರಮ್ಮ ಇಳಿದು
ಸೆರಗಿನ ತುದಿಯಿಂದ ‘ಶಾ’ ಒರೆಸ್ತಾಳೆ.
ಧೂಳು ಅವಳ ಸೆರಗಿಗೆ, ಅಕ್ಷರ ರಸ್ತೆಗೆ.

ನಾನು ಗಾದಿಲಿಂಗ. ಹನ್ನೊಂದು ವರ್ಷ ಟಿಪ್ಪರ್ ಓಡಿಸಿದವನು.
ಸಂಡೂರಿನ ಗುಡ್ಡದಿಂದ ಅದಿರು ತುಂಬಿದರೆ
ಟ್ರಿಪ್ಪಿಗಿಷ್ಟು ಅಂತ ಕಾಸು;
ಬ್ರೇಕು ಅಂದ್ರೆ ಜೇಬಿಗೆ ಬಿದ್ದ ತೂತು.
ಆವಾಗ ನಿಂತ ಬಸ್ಸು ನನಗೊಂದು ಗೋಡೆ.
ಬಲಕ್ಕೆ ತಿರುವಿ, ಹಾರ್ನ್ ಒತ್ತಿ, ಹೋಗಿಬಿಡ್ತಿದ್ದೆ.
ಗೋಡೆಯ ಆಚೆಯಿಂದ ಯಾರೂ ನಡಕೊಂಡು ಬರೋದಿಲ್ಲ ಅಂದ್ಕೊಂಡಿದ್ದೆ.

ಒಂದು ಸಂಜೆ, ವಡ್ಡು ಕ್ರಾಸಿನಲ್ಲಿ, ಹಂಗೇ ಹೋದೆ.
ಏನೂ ಆಗಲಿಲ್ಲ.
ಕನ್ನಡಿಯಲ್ಲಿ ನೋಡಿದರೆ ಧೂಳು,
ಧೂಳಿನೊಳಗೆ ನೀಲಿ ಚಪ್ಪಲಿ, ಒಂದೇ,
ಬೋರಲು ಬಿದ್ದಿತ್ತು.
ನಾನು ನಿಲ್ಲಿಸಲಿಲ್ಲ.

ಮರುದಿನ ಚಾ ಅಂಗಡಿಯಲ್ಲಿ ಸುತ್ತಿ ಬಳಸಿ ಕೇಳಿದೆ,
‘ನಿನ್ನೆ ಇಲ್ಲೇನಾದರೂ...’
‘ಏನಿಲ್ಲಣ್ಣ. ಏನಾಗಬೇಕಿತ್ತು?’ ಅಂದ ಹುಡುಗ, ಗ್ಲಾಸು ತೊಳೀತಾ.
ಆ ಏನೂ ಆಗದ್ದನ್ನು ಇವತ್ತಿಗೂ
ಬಲಗಾಲಿನ ಕೆಳಗೆ ಇಟ್ಕೊಂಡೇ ಗಾಡಿ ಓಡಿಸ್ತೀನಿ.

ಈ ಸೀಟಿಗೆ ಬಂದ ಮೇಲೆ ಗೊತ್ತಾಯಿತು,
ಬಂಪರಿಗೆ ಅಂಟಿ ನಡೆಯೋ ಮಗು ಡ್ರೈವರಿಗೂ ಕಾಣೋದಿಲ್ಲ.
ನನ್ನ ಗಾಜಿನ ಕೆಳಗೆ ಒಂದನೇ ಕ್ಲಾಸು ಪೂರ್ತಿ ಮುಳುಗ್ತೈತೆ.
ಅದಕ್ಕೇ ನಮ್ಮ ಬಸ್ಸಿನ ಕಾನೂನು:
ಇಳಿದ ಮೇಲೆ ಅಂಚು ಹಿಡಿದು ಮುಂದಕ್ಕೆ ಹತ್ತು ಹೆಜ್ಜೆ,
ತಿರುಗಿ ನನ್ನ ಮುಖ ನೋಡು,
ನಿನ್ನ ರಿಬ್ಬನ್ ನನಗೆ ಕಾಣೋ ತನಕ
ನೀನಿನ್ನೂ ಬಸ್ಸಿನೊಳಗೇ ಇದ್ದೀಯ.

‘ಹುಡುಗ್ರಿಗೆ ರಿಬ್ಬನ್ ಇಲ್ಲಲ್ಲ ಮಾಮ?’ ಅಂದ ಶೇಕ್ಷಾವಲಿ.
‘ನಿನ್ನ ಹಲ್ಲು ಕಂಡರೆ ಸಾಕು.’
ಅವತ್ತಿಂದ ದಿನಾ ಹಲ್ಲು ಕಿಸಿದೇ ರಸ್ತೆ ದಾಟ್ತಾನೆ,
ಮುಂದಿನೆರಡು ಇಲ್ಲ.

ಬಿದ್ದದ್ದನ್ನು ಎತ್ತಬ್ಯಾಡ್ರಿ ಅಂತಾನೂ ಹೇಳೀನಿ.
ಬಾಟಲಿ ಮುಚ್ಚಳ, ಕಂಪಾಸು, ಗೋಲಿ,
ಚಕ್ರದ ಹತ್ತಿರ ಉರುಳಿದ್ದೆಲ್ಲ ಹೊನ್ನೂರಮ್ಮಂದು.
ಅವಳ ಡಬ್ಬಿಯಲ್ಲೀಗ ಹದಿನೇಳು ರಬ್ಬರ್ ಅದಾವೆ,
ಯಾರೂ ವಾಪಸು ಕೇಳಿಲ್ಲ.

ಆದರೆ ಹಿಂದಿಂದ ಬರೋದು ನನ್ನ ಕೈಲಿಲ್ಲ.
ದೀಪ ಮಿನುಗಿಸ್ತೀನಿ, ಅವರು ಹಾರ್ನ್ ಹೊಡೀತಾರೆ.
ಆ ಹಾರ್ನಿನ ಭಾಷೆ ನನಗೆ ಬರ್ತೈತೆ,
ಹನ್ನೊಂದು ವರ್ಷ ನಾನೇ ಆಡಿದ್ದು:
‘ತೂಕದ ಚೀಟಿ ಹೊತ್ತು ಮೀರ್ತೈತೆ, ಜಾಗ ಬಿಡು.’
ಬೈಯೋಕೆ ಬಾಯಿ ಬರೋದಿಲ್ಲ.

ನಿನ್ನೆ, ಅದೇ ವಡ್ಡು ಕ್ರಾಸು.
ತಿಪ್ಪಮ್ಮನ ಮೊಮ್ಮಗಳು ಸಿಂಚನಾ ಇಳಿದಳು.
ಕನ್ನಡಿ ತುಂಬ ಟಿಪ್ಪರ್.
ಬಲಕ್ಕೆ ಮೂತಿ ಚಾಚಿತು. ಆ ಮೂತಿ ನನಗೆ ಗೊತ್ತು.
ಕೈ ಬಾಗಿಲ ಹಿಡಿಕೆಗೆ ಹೋಯಿತು.
ಹೊನ್ನೂರಮ್ಮ ಆಗಲೇ ‘ಶಾ’ ಒರೆಸಿ
ಅಂಗೈ ಎತ್ತಿ ನಿಂತಿದ್ದಳು, ಅಂಗೈಯೆಲ್ಲ ಕೆಂಪು.

ಟಿಪ್ಪರ್ ಉಸ್ಸಂತ ಗಾಳಿ ಬಿಟ್ಟಿತು.
ನಿಂತಿತು.
ಹಾರ್ನ್ ಇಲ್ಲ.

ಎಂಟು, ಒಂಬತ್ತು, ರಿಬ್ಬನ್.
ಹುಡುಗಿ ನನ್ನ ಮುಖ ನೋಡಿದಳು,
ಆಮೇಲೆ ಅವನ ಮುಖ ಹುಡುಕಿದಳು.
ಗಾಜಿನ ತುಂಬ ಅದಿರಿನ ಧೂಳು, ಅವನು ಕಾಣಲಿಲ್ಲ.
ಕಾಣಲಿಲ್ಲ ಅಂತ ಅವಳು ಕದಲಲೂ ಇಲ್ಲ.
ಕಾನೂನು ನನ್ನದು,
ಅವಳು ಅದನ್ನು ಅವನಿಗೂ ಹಚ್ಚಿ ನಿಂತಿದ್ದಳು.

ಮೋಡದ ಸುಳಿವೇ ಇಲ್ಲದ ಆ ಬಿಸಿಲಿನಲ್ಲಿ
ಟಿಪ್ಪರಿನವನು ಒಂದು ಸಲ
ವೈಪರ್ ಆಡಿಸಿದ.